ಅಕ್ಕಿ ಚೀಲದ ಹಿಂಬದಿ

ಬಳ್ಳಾರಿ
17 ಆಗಸ್ಟ್ 2025, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಅರುಣಿಯ ಶರಣು. ನಾನು ಇಲ್ಲಿ ಕ್ಷೇಮ. ಅಮರೇಶ್ ಮಾವನಿಗೆ ನಮಸ್ಕಾರ ಹೇಳು. ಮೇಘಾಳ ಹಲ್ಲಿಗೆ ಹಾಕಿಸಿದ ತಂತಿ ಇನ್ನೂ ನೋಯುತ್ತಿದೆಯಾ? ಚಿಕ್ಕವ್ವ ಕೇಳಿದಳು ಎಂದು ಹೇಳು.

ನೀನು ಕುರುಗೋಡಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ ಗುರೆಳ್ಳು ಪುಡಿ ಬಂದು ಮೂರು ವಾರವಾಯಿತು. ಡಬ್ಬಿ ಅರ್ಧ ಖಾಲಿಯೂ ಆಯಿತು. ಉತ್ತರ ಮಾತ್ರ ಬರೆಯಲಿಲ್ಲ, ತಪ್ಪು ನನ್ನದೇ. ಡಬ್ಬಿಯೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟಿದ್ದ ನಿನ್ನ ಚೀಟಿಯೂ ಸಿಕ್ಕಿತು. "ಹಟ ಬಿಡು. ಸೈನ್ ಮಾಡಿ ಕೆಲಸಕ್ಕೆ ಹೋಗು. ಕಥೆ ಅನ್ನ ಹಾಕುವುದಿಲ್ಲ." ಎಂಟನೇ ಕ್ಲಾಸಿಗೇ ಸಾಲೆ ಬಿಟ್ಟರೂ ನಿನ್ನ ಅಕ್ಷರ ಇವತ್ತಿಗೂ ಮುತ್ತು ಪೋಣಿಸಿದಂತಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ನಿನಗೆ ಸಿಟ್ಟು ಬರಿಸುವಂಥದ್ದೇ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಜೂನ್ ತಿಂಗಳಲ್ಲಿ ಮಾಡಿದ್ದೆ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು ಅಂದಂಗಾತು ನಿಂದು" ಎಂದು ನೀನು ಫೋನ್ ಕುಕ್ಕಿ ಇಟ್ಟುಬಿಟ್ಟೆ. ಕಾಗದವನ್ನಾದರೆ ಹಾಗೆ ಕುಕ್ಕಲಾಗುವುದಿಲ್ಲ. ಹರಿದು ಹಾಕಿದರೂ, ನಿನ್ನ ಬುದ್ಧಿ ನನಗೆ ಗೊತ್ತು, ಓದಿಯೇ ಹರಿಯುತ್ತೀಯ. ನಮ್ಮ ಮನೆಯಲ್ಲಿ ಎತ್ತಬಾರದ ಮಾತು ಒಂದಿದೆಯಲ್ಲ, ಅದನ್ನು ಎತ್ತುವುದಿಲ್ಲ. ನಿನಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತೇನೆ.

ನಿನಗೆ ಯಾರು ಏನು ಹೇಳಿದ್ದಾರೋ ಗೊತ್ತಿಲ್ಲ. ಆದದ್ದನ್ನು ನನ್ನ ಬಾಯಿಂದ ಕೇಳು.

ಜಂಬುನಾಥ ಸರ್ ಪ್ರೆಸ್ಸಿನಲ್ಲಿ ನಾನು ಡಿಸೈನ್ ಮಾಡಲು ಕುಳಿತು ಹದಿನಾಲ್ಕು ವರ್ಷ. ಮದುವೆ ಕಾರ್ಡು, ಫ್ಲೆಕ್ಸು, ಶಿವಗಣಾರಾಧನೆಯ ಪತ್ರಿಕೆ, ಸಿರುಗುಪ್ಪದ ರೈಸ್ ಮಿಲ್ಲುಗಳ ಚೀಲ. ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ ಮನೆಯಲ್ಲಿ ಕಥೆ ಬರೆಯುತ್ತೇನೆ, ಒಂಬತ್ತೂವರೆಗೆ ಪ್ರೆಸ್ಸಿನಲ್ಲಿ ಇರುತ್ತೇನೆ. ಹದಿನಾಲ್ಕು ವರ್ಷದಲ್ಲಿ ಕಥೆಯ ದೆಸೆಯಿಂದ ಒಂದು ದಿನವೂ ತಡವಾಗಿ ಹೋದವಳಲ್ಲ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ನೋಡು. ಜ್ವರ ಬಂದು ರಜೆ ಹಾಕಿದರೂ "ಕಥಿ ಬರ್ಯಾಕ ಕುಂತಿರ್ಬೇಕು" ಎನ್ನುತ್ತಿದ್ದರು.

ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ. ಗಿರಾಕಿಗಳು ಮೊದಲು ಡಿಸೈನ್ ಕೇಳುತ್ತಾರೆ, ಅದರೊಳಗೆ ಬರೆಯಬೇಕಾದ ಮ್ಯಾಟರ್ ಆಮೇಲೆ ಕೊಡುತ್ತಾರೆ. ಅಲ್ಲಿಯವರೆಗೆ ಜಾಗ ಖಾಲಿ ಬಿಡುವಂತಿಲ್ಲ, ನೋಡಲು ಬೋಳು ಬೋಳಾಗಿ ಕಾಣುತ್ತದೆ. ಬೇರೆಯವರು "ಇಲ್ಲಿ ಮ್ಯಾಟರ್ ಬರುತ್ತದೆ" ಎಂದು ಇಪ್ಪತ್ತು ಸಲ ಹಾಕಿ ತುಂಬಿಸುತ್ತಾರೆ. ನಾನು ನನ್ನ ಕಥೆಯ ನಾಲ್ಕು ಸಾಲು ಹಾಕುತ್ತೇನೆ. ನೋಟ್‌ಬುಕ್ಕಿನಲ್ಲಿ ಚೆನ್ನಾಗಿ ಕಂಡ ವಾಕ್ಯ ಡಿಸೈನಿನ ಚೌಕದ ಡಬ್ಬಿಯೊಳಗೆ ಕುಳಿತಾಗ ಅದರ ಸೊಟ್ಟ ಕಾಣುತ್ತದೆ. ಮ್ಯಾಟರ್ ಬಂದ ಕೂಡಲೇ ಅಳಿಸುತ್ತೇನೆ. ಎಷ್ಟೋ ಮದುವೆ ಕಾರ್ಡುಗಳೊಳಗೆ ನನ್ನ ಕಥೆ ಎರಡು ದಿನ ಬಾಡಿಗೆಗಿದ್ದು ಹೋಗಿದೆ.

ಏಪ್ರಿಲ್‌ನಲ್ಲಿ ಸಿರುಗುಪ್ಪದ ರಂಗಣ್ಣ ಸಾವ್ಕಾರರ ಮಿಲ್ಲಿನ ಚೀಲ ಬಂತು. ಮೂರು ಗುಬ್ಬಿ ಮಾರ್ಕ್ ಸೋನಾ ಮಸೂರಿ. ಮುಂಬದಿಯಲ್ಲಿ ಗುಬ್ಬಿಗಳು, ತೂಕ, ಹೆಸರು. ಹಿಂಬದಿಯಲ್ಲಿ ಅಕ್ಕಿಯ ಗುಣಗಾನ ಬರಬೇಕಿತ್ತು, ಅದರ ಕೆಳಗೆ ದೂರುಗಳಿಗೆ ಮಿಲ್ಲಿನ ಫೋನ್ ನಂಬರು. ಗುಣಗಾನವನ್ನು ನಾಳೆ ಕೊಡುತ್ತೇನೆ, ನಾಡಿದ್ದು ಕೊಡುತ್ತೇನೆ ಎಂದು ಅವರು ಹದಿನೈದು ದಿನ ತಳ್ಳಿದರು. ನಾನು ಹಾಕಿದ್ದ ಸಾಲುಗಳು ಇವು:

"ಅವತ್ತು ಮುಂಜಾನೆ ಅವಳು ಅಕ್ಕಿಯನ್ನು ಮೂರು ಸಲ ತೊಳೆದು ಪಾತ್ರೆಗೆ ಹಾಕಿದಳು. ನೀರು ಅಳೆದು ಹೊಯ್ದಳು. ಒಲೆ ಹಚ್ಚಲಿಲ್ಲ. ಸಾಲೆಯಿಂದ ಬಂದ ಮೇಲೆ ನೀನೇ ಇಡು, ಎರಡು ಕುದಿ ಬಂದ ಮೇಲೆ ಉರಿ ತಗ್ಗಿಸು ಎಂದು ದೊಡ್ಡ ಮಗಳಿಗೆ ಹೇಳಿ, ಸೆರಗಿಗೆ ಕೈ ಒರೆಸಿಕೊಂಡು ಬಸ್ಸು ಹತ್ತಿದಳು. ಚಿಕ್ಕವಳು ಕಿಟಕಿಯ ಹತ್ತಿರ ಓಡಿಬಂದು ಏನೋ ಕೇಳಿದಳು. ಬಸ್ಸಿನ ಸದ್ದಿಗೆ ಅದು ಅವಳಿಗೆ ಕೇಳಿಸಲಿಲ್ಲ."

ರಂಗಣ್ಣ ವಾಟ್ಸಾಪಿನಲ್ಲಿ ನೋಡಿದರು, ಹೆಬ್ಬೆರಳು ಎತ್ತಿ ಓಕೆ ಎಂದರು. ಫೈಲು ಹೋಯಿತು. ಲಾರಿಗಟ್ಟಲೆ ಚೀಲ ಅಚ್ಚಾಗಿ ಬಂದವು, ಅಕ್ಕಿ ತುಂಬಿ ರಾಯಚೂರು, ಕೊಪ್ಪಳ, ಗಂಗಾವತಿ ಅಂತ ಊರೂರಿಗೆ ಹೋದವು. ಅದಾದ ಮೇಲೆ ಯಾರೋ ಓದಿ ಹೇಳಿದ್ದಾರೆ. ಸಾವ್ಕಾರರು ಕಾರು ತೆಗೆದುಕೊಂಡು ಪ್ರೆಸ್ಸಿಗೇ ಬಂದರು.

"ಅಕ್ಕಿ ತೊಳಿಯೋದು, ನೀರು ಅಳಿಯೋದು, ಎರಡು ಕುದಿ ಅಂತ ಇತ್ತು. ಅನ್ನ ಮಾಡೋ ವಿಧಾನ ಬರದಾಳ, ಶ್ಯಾಣ್ಯಾಕಿ ಅದಾಳ ಅನ್ಕಂಡು ಓಕೆ ಅಂದೆನಲ್ಲೋ ಜಂಬುನಾಥ! ಇದು ನೋಡಿದ್ರ ಮನಿ ಬಿಟ್ಟು ಓಡಿಹೋದಾಕಿ ಕಥಿ!"

ಅಕ್ಕ, ಅಷ್ಟು ಜನರ ಎದುರಿಗೆ ನನಗೆ ನಗು ತಡೆಯಲಾಗಲಿಲ್ಲ. ಅದೇ ನನಗೆ ಮುಳುವಾಯಿತು.

ಮರುದಿನ ಜಂಬುನಾಥ ಸರ್ ಒಂದು ಕಾಗದ ಮುಂದಿಟ್ಟರು. "ನನ್ನ ಅಜಾಗರೂಕತೆಯಿಂದ ತಪ್ಪು ನಡೆದಿದೆ. ಇನ್ನು ಮುಂದೆ ಕೆಲಸದ ವೇಳೆಯಲ್ಲಾಗಲಿ ಹೊರಗಾಗಲಿ ಕಥೆ, ಕವನ ಮುಂತಾದವುಗಳನ್ನು ಬರೆಯುವುದಿಲ್ಲ." ಕೆಳಗೆ ನನ್ನ ಹೆಸರು, ಸೈನಿಗೆ ಜಾಗ. ಅದನ್ನು ನನ್ನ ಕಂಪ್ಯೂಟರಿನಲ್ಲೇ ಟೈಪ್ ಮಾಡಿಸಿದ್ದರು. ಮಾರ್ಜಿನ್ ಕೂಡ ಸರಿಯಿರಲಿಲ್ಲ.

"ಸುಮ್ನ ಸೈನ್ ಹಾಕಮ್ಮ ಅರುಣಿ. ಮನ್ಯಾಗ ನೀ ಬರದ್ರ ಯಾರು ನೋಡಾಕ ಬರ್ತಾರ? ಸಾವ್ಕಾರ್ರಿಗಿ ತೋರ್ಸಾಕ ಒಂದು ಕಾಗದ ಬೇಕು, ಅಷ್ಟ."

"ಕೆಲಸದ ವೇಳೆ ಅನ್ನೋದು ನಿಮ್ದು ಸರ್. ಹೊರಗ ಅನ್ನೋದು ನಂದು. ಆ ಮಾತು ಹೊಡದು ಹಾಕ್ರಿ" ಎಂದೆ.

"ನೀ ನನಗ ಕಂಡೀಷನ್ ಹಾಕ್ತಿಯೇನು?"

"ಹಾಕಿದೋರು ನೀವು ಸರ್. ನಾ ಬ್ಯಾಡ ಅಂದೆ, ಅಷ್ಟ."

ಹಾಗೆ ಕೆಲಸ ಹೋಯಿತು. ಅದರಲ್ಲಿ ನಾನು ಸೈನ್ ಹಾಕಲಾಗದ ಇನ್ನೊಂದು ಪದವೂ ಇತ್ತು, ಅದಿರಲಿ. ನನ್ನ ಟಿಫಿನ್ ಡಬ್ಬಿ, ನೀರಿನ ಬಾಟಲಿ, ಮೌಸಿನ ಕೆಳಗೆ ಹಾಕಿಕೊಳ್ಳುತ್ತಿದ್ದ ರಟ್ಟು ತೆಗೆದುಕೊಂಡು ಮೋತಿ ಸರ್ಕಲ್‌ವರೆಗೆ ನಡೆದುಕೊಂಡು ಬಂದೆ. ಬಿಸಿಲಿಗೆ ಗುಡ್ಡ ಕಾದು ಹಂಚಾಗಿತ್ತು. ಒಂದು ಸೋಡಾ ಕುಡಿದೆ. ಅಳಲಿಲ್ಲ.

ಆಮೇಲೆ ಕೆಲಸ ಹುಡುಕುವ ಕೆಲಸ. ಅದರಷ್ಟು ದುಡಿಮೆ ಯಾವ ಕೆಲಸದಲ್ಲೂ ಇಲ್ಲ ಅಕ್ಕ. ಒಂದು ಕೋಚಿಂಗ್ ಸೆಂಟರಿನವರು ಡಿಸೈನರ್ ಬೇಕು ಎಂದು ಕರೆದು, ಫೋನ್ ಎತ್ತಬೇಕು, ಫೀಸು ಕೇಳಬೇಕು, ನಡುವೆ ಸಮಯ ಸಿಕ್ಕರೆ ಪೋಸ್ಟರ್ ಮಾಡಬೇಕು ಎಂದರು. ಇನ್ನೊಬ್ಬರು ಸ್ಯಾಂಪಲ್ ಎಂದು ಒಂದು ಪೋಸ್ಟರ್ ಮಾಡಿಸಿಕೊಂಡರು, "ಹೇಳಿ ಕಳಿಸ್ತೀವಿ" ಎಂದರು. ಎಂಟು ದಿನದ ಮೇಲೆ ಆ ಪೋಸ್ಟರ್ ಒಂದು ಆಟೋದ ಬೆನ್ನ ಮೇಲೆ ರಾಯಲ್ ಸರ್ಕಲ್‌ನಲ್ಲಿ ಹೋಗುತ್ತಿತ್ತು. ನಾನು ಅದೇ ಆಟೋ ಹತ್ತಿ ಅವರ ಆಫೀಸಿಗೆ ಹೋಗಿ, ಆಟೋದ ಬಾಡಿಗೆಯನ್ನು ಅವರಿಂದಲೇ ಕೊಡಿಸಿದೆ. ಮೂವತ್ತೈದು ರೂಪಾಯಿಯನ್ನು ಇಪ್ಪತ್ತಕ್ಕೆ ಇಳಿಸಲು ಚೌಕಾಸಿ ಮಾಡಿದರು, ನಾಚಿಕೆಯಿಲ್ಲದವರು.

ಜೀನ್ಸ್ ಪ್ಯಾಂಟ್ ತಯಾರಿಸುವ ಒಂದು ಕಡೆ ಲೇಬಲ್ ಡಿಸೈನ್ ಮಾಡಲು ಜನ ಬೇಕಿದ್ದರು. ಸಂಗಮೇಶ್ ಎಂಬ ಮ್ಯಾನೇಜರು ನನ್ನ ಕೆಲಸದ ಫೈಲನ್ನೆಲ್ಲ ಮೆಚ್ಚಿಕೊಂಡು ನೋಡಿದ. ಕೊನೆಯಲ್ಲಿ ಅಚ್ಚಾದ ನನ್ನ ಎರಡು ಕಥೆಗಳ ಪುಟ ಬಂದವು. ಅವನ ಮುಖ ಸಣ್ಣದಾಯಿತು.

"ಇವು ಎರಡು ತೆಗದು ಕಳಿಸ್ರಿ ಮೇಡಂ. ಎರಡು ದೋಣಿ ಮ್ಯಾಲ ಕಾಲಿಟ್ಟೋರು ನಮಗ ಬ್ಯಾಡ."

"ಎರಡು ಕಾಲು ಇಲ್ಲದ ಪ್ಯಾಂಟು ಹೊಲಿತೀರೇನ್ರೀ ನೀವು?" ಎಂದು ಕೇಳಿ ಎದ್ದುಬಂದೆ.

ಬೈಯಬೇಡ. ಬಾಯಿ ನನ್ನದಲ್ಲ, ನೀನು ಬೆಳೆಸಿದ್ದು.

ನಿಜ ಹೇಳುತ್ತೇನೆ. ಜುಲೈ ಹೊತ್ತಿಗೆ ನನಗೂ ಹೆದರಿಕೆ ಹತ್ತಿತ್ತು. ಬೆಳಗ್ಗೆ ಐದೂವರೆಗೆ ಎದ್ದರೂ ನೋಟ್‌ಬುಕ್ ಮುಂದೆ ಕೈ ಓಡುತ್ತಿರಲಿಲ್ಲ. ಕೆಲಸ ಇದ್ದಾಗ ಎರಡೂವರೆ ಗಂಟೆ ಸಾಲುತ್ತಿರಲಿಲ್ಲ, ಈಗ ಇಡೀ ದಿನ ಇತ್ತು, ಒಂದು ಸಾಲು ಬರಲೊಲ್ಲದು. ಆಗ ಗೊತ್ತಾಯಿತು, ನನಗೆ ಎರಡೂ ಬೇಕು. ಕಥೆ ಬರೆಯಲು ಕೆಲಸದ ಗದ್ದಲ ಬೇಕು, ಕೆಲಸ ಮಾಡಲು ಕಥೆಯ ಬೆಳಗು ಬೇಕು. ಒಂದನ್ನು ಬಿಡು ಎನ್ನುವವರು ಎರಡನ್ನೂ ಕಸಿಯುತ್ತಾರೆ. ನೀನೂ ಸೇರಿ.

ಅಷ್ಟರಲ್ಲಿ ರಂಗಣ್ಣನವರದೇ ಫೋನು. "ಏಮಮ್ಮಾ, ಒಮ್ಮಿ ಸಿರುಗುಪ್ಪಕ್ಕ ಬಂದು ಹೋಗು. ಬೈಯಂಗಿಲ್ಲ, ಬಾ."

ಹೋದೆ. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಗದ್ದೆಗೆ ನೀರು ಬಿಟ್ಟಿದ್ದರು, ನಾಟಿ ನಡೆದಿತ್ತು. ನಮ್ಮೂರು ಕರೂರಿಗೆ ಹೋಗುವ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು, ನಾನು ಹತ್ತಲಿಲ್ಲ. ನೇರ ಮಿಲ್ಲಿಗೆ ನಡೆದೆ. ಹೊಟ್ಟಿನ ಧೂಳಿಗೆ ಸೀನುತ್ತಾ ಒಳಗೆ ಹೋದರೆ, ಗುಮಾಸ್ತ ಯರ್ರಿಸ್ವಾಮಿ ಟೇಬಲ್ಲಿನ ಫೋನಿನ ಮುಂದೆ ತಲೆ ಹಿಡಿದುಕೊಂಡು ಕುಳಿತಿದ್ದ.

ನಡೆದದ್ದು ಏನೆಂದರೆ, ಚೀಲ ಒಯ್ದವರು ಆ ದೂರಿನ ನಂಬರಿಗೆ ಫೋನ್ ಮಾಡುತ್ತಿದ್ದರು. ಅಕ್ಕಿಯಲ್ಲಿ ಕಲ್ಲಿದೆ ಎಂದಲ್ಲ. ಮುಂದೇನಾಯಿತು ಎಂದು! ದಿನಕ್ಕೆ ಇಪ್ಪತ್ತು, ಮೂವತ್ತು. ಹೆಚ್ಚಿನವರು ಹೆಂಗಸರೇ.

"ನಾ ಏನು ಮಾಡ್ಲಿ ಮೇಡಂ? ಲಾರಿ ಲೋಡು ನೋಡ್ಲ್ಯಾ, ಈ ಫೋನ್ ನೋಡ್ಲ್ಯಾ?" ಎಂದ ಯರ್ರಿಸ್ವಾಮಿ. "ಸಿಂಧನೂರಿನಾಕಿಗಿ, ವಾಪಸ್ ಬಂದ್ಲವ್ವಾ ಅಂದೆ. ಮಾನ್ವಿಯಾಕಿ ಒಬ್ಬಾಕಿ ಬಾಳ ಪೀಡಿಸಿದ್ಲು, ಕಾಲುವ್ಯಾಗ ಬಿದ್ದು ಸತ್ಲು ಅಂದುಬಿಟ್ಟೆ. ಪಾಪ, ಅತ್ಲು."

ನನಗೆ ಎಲ್ಲಿಂದ ಸಿಟ್ಟು ಬಂತೋ. "ಆಕಿನ್ನ ಸಾಯಿಸಾಕ ನೀ ಯಾರು?" ಎಂದು ಕೂಗಿದೆ. ಚೀಲ ಹೊಲಿಯುತ್ತಿದ್ದವರು ಮೆಷಿನ್ ನಿಲ್ಲಿಸಿ ನೋಡಿದರು. ಅವನನ್ನು ಕುರ್ಚಿಯಿಂದ ಎಬ್ಬಿಸಿ ನಾನೇ ಕುಳಿತೆ. ಸಂಜೆ ಐದರವರೆಗೆ ಬಂದ ಫೋನನ್ನೆಲ್ಲ ನಾನೇ ಎತ್ತಿದೆ. "ನಾನೇ ರೀ ಬರದಾಕಿ. ಮುಂದೇನಾತು ಅಂತ ನನಗೂ ಗೊತ್ತಿಲ್ರಿ" ಎಂದು ಹೇಳಿದೆ. ಗಂಗಾವತಿಯ ಒಬ್ಬಾಕೆ, "ಗೊತ್ತಿಲ್ಲದ ಮ್ಯಾಲ ಯಾಕ ಬರಿಬೇಕವ್ವಾ, ನನಗ ಎರಡು ದಿನದಿಂದ ಕೆಲಸ ಹತ್ತವಲ್ದು" ಎಂದು ಚೆನ್ನಾಗಿ ಬೈದಳು. ಇನ್ನೊಬ್ಬಾಕೆ ತನ್ನ ಚಿಕ್ಕಮ್ಮ ಹಾಗೇ ಹೋದದ್ದನ್ನು ಅರ್ಧ ಗಂಟೆ ಹೇಳಿದಳು. ಒಬ್ಬ ಗಂಡಸು ಮಾತ್ರ, ಎರಡು ಕುದಿಗೆ ಅನ್ನ ಬೇಯುತ್ತದೆಯೇ, ನಮ್ಮಲ್ಲಿ ಬೇಯಲಿಲ್ಲ ಎಂದು ತಕರಾರು ತೆಗೆದ. ಹದಿನಾಲ್ಕು ವರ್ಷದಲ್ಲಿ ಅಚ್ಚಾದ ನನ್ನ ಕಥೆಗಳಿಗೆಲ್ಲ ಸೇರಿ ಬಂದ ಪತ್ರ ಐದು. ಅವತ್ತು ಒಂದೇ ದಿನ ಇಪ್ಪತ್ತಾರು ಜನ ಮಾತಾಡಿದರು. ಕಥೆ ಅನ್ನ ಹಾಕುವುದಿಲ್ಲ ಎನ್ನುತ್ತೀಯ, ಅನ್ನದ ಚೀಲದ ಮೇಲೇ ಕುಳಿತಿತ್ತು ಅಕ್ಕ.

ಸಂಜೆ ರಂಗಣ್ಣ ಮಜ್ಜಿಗೆ ತರಿಸಿದರು. ಮಾತು ಶುರು ಮಾಡಿದರು.

"ನೋಡಮ್ಮ, ವ್ಯಾಪಾರ ಕೆಟ್ಟಿಲ್ಲ. ಜನ ಗುಬ್ಬಿ ಚೀಲ ಅಂತ ಕೇಳಿ ಒಯ್ಯಾಕತ್ಯಾರ. ಮುಂದಿನ ಚೀಲಕ್ಕ ಮುಂದಿನ ಕಥಿ ಹಾಕಾಣು. ಆಕಿ ವಾಪಸ್ ಬರ್ಲಿ. ಒಲಿ ಹಚ್ಲಿ, ಮಕ್ಕಳಿಗಿ ಬಡಿಸ್ಲಿ, ಗುಬ್ಬಿ ಮಾರ್ಕ್ ಅನ್ನ ಉಂಡು ಎಲ್ಲಾರೂ ನಗ್ಲಿ. ನಿನ್ನ ಹೆಸರು ದಪ್ಪ ಅಕ್ಷರದಾಗ ಹಾಕಿಸ್ತೀನಿ. ಜಂಬುನಾಥಗ ನಾ ಹೇಳ್ತೀನಿ, ಕಾಗದ ಗೀಗದ ಏನೂ ಬ್ಯಾಡ, ನಾಳಿಂದ ಕುರ್ಚ್ಯಾಗ ಹೋಗಿ ಕೂಡು."

ಯೋಚನೆ ಮಾಡು. ಕೆಲಸ, ಕಥೆ, ದಪ್ಪ ಅಕ್ಷರದ ಹೆಸರು, ಮೂರೂ ಒಂದೇ ಮಜ್ಜಿಗೆ ಲೋಟದ ಜೊತೆ ಬಂದಿದ್ದವು. ಎರಡು ಸಾಲು ಬರೆದರೆ ಸಾಕಿತ್ತು.

"ಆಕಿ ಬರಂಗಿಲ್ರಿ" ಎಂದೆ.

"ಬರಂಗಿಲ್ಲ ಅಂದ್ರ? ನೀ ಬರದ್ರ ಬರ್ತಾಳ!"

"ಅದಕ್ಕ ಬರಿಯಂಗಿಲ್ರಿ."

ಸಾವ್ಕಾರರು ನನ್ನನ್ನೇ ನೋಡಿದರು. ಹಟಮಾರಿಯೋ ಹುಚ್ಚಿಯೋ ಎಂದು ತೂಗುತ್ತಿದ್ದರೆಂದು ಕಾಣುತ್ತದೆ. ಬರುವಾಗ ಒಂದು ಖಾಲಿ ಚೀಲ ಕೇಳಿದೆ, ಎರಡು ಕೊಟ್ಟರು. ವಿಷಯ ಗೊತ್ತಾಗಿ ಜಂಬುನಾಥ ಸರ್ ಫೋನ್ ಮಾಡಿ, "ಕೈಗಿ ಬಂದ ತುತ್ತು ಬಾಯಿಗಿ ಬರ್ಲಿಲ್ಲ ನಿನಗ" ಎಂದರು. ಬರಲಿಲ್ಲ ಅಲ್ಲ, ಆ ತುತ್ತು ನನಗೆ ಬೇಡವಾಗಿತ್ತು.

ಈಗಿನ ಸ್ಥಿತಿ ಹೀಗಿದೆ. ಹಳೇ ಕಂಪ್ಯೂಟರನ್ನು ರಿಪೇರಿ ಮಾಡಿಸಿ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ಬಾಗಿಲಿಗೆ ಬೋರ್ಡ್ ಹಾಕಿದ್ದೇನೆ: "ಡಿಸೈನ್ ಮಾಡಿಕೊಡಲಾಗುವುದು. ಇಲ್ಲಿ ಕಥೆಯನ್ನೂ ಬರೆಯುತ್ತಾರೆ." ಮೋಕಾದಿಂದ ಒಬ್ಬರು ಗೃಹಪ್ರವೇಶದ ಕಾರ್ಡಿಗೆ ಬಂದು, ಬೋರ್ಡ್ ಓದಿ ನಕ್ಕು, ಕಾರ್ಡಿನ ಜೊತೆಗೆ ತಮ್ಮ ತಂದೆಯ ಬಗ್ಗೆ ಒಂದು ಪುಟ ಬರೆಸಿಕೊಂಡು ಹೋದರು. ಇದರಲ್ಲೇ ಹೊಟ್ಟೆ ತುಂಬುವುದಿಲ್ಲ, ನನಗೂ ಗೊತ್ತು. ಬುಧವಾರ ಒಂದು ಪಠ್ಯಪುಸ್ತಕದವರ ಕಡೆ ಇಂಟರ್‌ವ್ಯೂ ಇದೆ. ಫೈಲಿನಲ್ಲಿ ಕಥೆಯ ಎರಡು ಪುಟ ಕೊನೆಯಲ್ಲಿದ್ದವು, ತೆಗೆದು ಮೊದಲಿಗೆ ಹಾಕಿದ್ದೇನೆ. ಜೊತೆಗೆ ಆ ಚೀಲದ ಹಿಂಬದಿಯ ಫೋಟೋ ಕೂಡ. ಬೇಕಾದರೆ ಪೂರ್ತಿ ನನ್ನನ್ನೇ ತೆಗೆದುಕೊಳ್ಳಲಿ, ಅರ್ಧ ಕೊಡುವುದಿಲ್ಲ.

ನಾಳೆ ಶ್ರಾವಣದ ಕಡೆಯ ಸೋಮವಾರ. ನೀನು ದೊಡ್ಡಬಸವಣ್ಣನ ಗುಡಿಗೆ ಹೋಗುತ್ತೀಯ. ನನಗೆ ಕೆಲಸ ಸಿಗಲಿ ಎಂದು ಬೇಡಿಕೋ. ಕಥೆ ಬಿಡಲಿ ಎಂದು ಮಾತ್ರ ಬೇಡಬೇಡ, ಬಸವಣ್ಣನಿಗೆ ಮುಜುಗರವಾದೀತು. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೋ. ಮೇಘಾಗೆ ಓದಲು ಬೈಯಬೇಡ, ಅವಳು ಪಾಠದ ಪುಸ್ತಕದೊಳಗೆ ಬೇರೆ ಪುಸ್ತಕ ಇಟ್ಟುಕೊಂಡು ಓದಿದರೂ ಬೈಯಬೇಡ. ನಿಮ್ಮ ಮನೆ ತಣ್ಣಗಿರಲಿ. ದೂರದಿಂದಲೇ ನನ್ನ ತಲೆಯ ಮೇಲೆ ಕೈಯಿಟ್ಟು ಹರಸು, ಮೊಟಕಿದರೂ ಸರಿ.

ನಿನ್ನ ಮೊಂಡ ತಂಗಿ,
ಅರುಣಿ

ಮರೆತ ಮಾತು: ಮರೆತದ್ದಲ್ಲ. ಈ ಪತ್ರಕ್ಕೆ ಸೈನ್ ಹಾಕಿದ ಮೇಲೂ ಪೆನ್ನು ಕೈ ಬಿಡಲೊಲ್ಲದು. ನಿನಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ ಅಕ್ಕ. ಅವ್ವನ ಮಾತು ಎತ್ತುತ್ತಿದ್ದೇನೆ.

ಆ ಕಾಗದದಲ್ಲಿ ನಾನು ಒಪ್ಪಲಾರದ ಇನ್ನೊಂದು ಪದ "ಅಜಾಗರೂಕತೆ". ಅದು ಅಜಾಗರೂಕತೆಯಲ್ಲ. ರಂಗಣ್ಣನ ಓಕೆ ಬಂದ ದಿನ ಆ ಸಾಲುಗಳನ್ನು ನಾನು ಅಳಿಸಿದ್ದೆ. ಡಿಸೈನಿನ ಖಾಲಿ ಡಬ್ಬಿ ನೋಡುತ್ತಾ ಕುಳಿತಾಗ ನೆನಪಾಯಿತು. ಅವ್ವ ಬೆಲ್ಲದ ಪೊಟ್ಟಣ, ಸಕ್ಕರೆ ಪೊಟ್ಟಣದ ಕಾಗದವನ್ನೂ ಬಿಡಿಸಿ, ಒಲೆಯ ಮುಂದೆ ನಿಂತು ಪೂರ್ತಿ ಓದಿಯೇ ಒಲೆಗೆ ಹಾಕುತ್ತಿದ್ದಳಲ್ಲ. ಅವಳು ಹೋಗಿ ಇಪ್ಪತ್ತೈದು ವರ್ಷವಾಯಿತು. ಎಲ್ಲಿದ್ದರೂ ಅನ್ನವಂತೂ ಮಾಡಬೇಕಲ್ಲ. ಆ ಸಾಲುಗಳನ್ನು ಮತ್ತೆ ಹಾಕಿ ಫೈಲು ಕಳಿಸಿದೆ. ಜಂಬುನಾಥ ಸರ್‌ಗೆ ಅದು ನಾನು ಮಾಡಿದ ಅನ್ಯಾಯವೇ. ನಿನ್ನೆ ಹೋಗಿ ಹೇಳಿದೆ. ಬೈದರು, ಬೈಸಿಕೊಂಡೆ. ಅವಳು ಬಂದಳು ಎಂದು ಚೀಲದ ಮೇಲೆ ಹೇಗೆ ಬರೆಯಲಿ ಹೇಳು? ಬಂದಾಯಿತು ಎಂದು ಬರೆದರೆ, ಇನ್ನು ನೀನು ಬರಬೇಕಾಗಿಲ್ಲ ಎಂದು ಅವ್ವನಿಗೆ ನಾವೇ ಹೇಳಿದ ಹಾಗೆ.

ಅವತ್ತು ಮಿಲ್ಲಿನಲ್ಲಿ ಐದು ಗಂಟೆಗೆ ಕೊನೆಯ ಫೋನು ಬಂತು. ವಯಸ್ಸಾದ ದನಿ. ಹಿಂದೆ ದೊಡ್ಡ ಪಾತ್ರೆಗಳ ಸದ್ದು, ಯಾವುದೋ ಮೆಸ್ಸಿನ ಅಡುಗೆಮನೆ ಇದ್ದೀತು. ಅವಳು ವಾಪಸ್ ಬಂದಳಾ ಎಂದು ಆಕೆ ಕೇಳಲಿಲ್ಲ. "ಸಣ್ಣಾಕಿ ಕಿಟಕಿ ತಾವ ಬಂದು ಏನು ಕೇಳಿದ್ಲು?" ಎಂದಳು.

"ನನಗೇನು ತರ್ತಿ ಅಂತ ಕೇಳಿದ್ಲು" ಎಂದೆ.

ಆಮೇಲೆ, "ದೊಡ್ಡಾಕಿ? ಅನ್ನ ಸರಿ ಆತಾ?"

ಆ ಫೋನಿನಲ್ಲಿ ನಂಬರು ಕಾಣುವುದಿಲ್ಲ. ಅವ್ವನೇ ಎಂದು ನಾನು ಹೇಳುವುದಿಲ್ಲ. ನೀನಾಗಿದ್ದರೆ ಗುರುತು ಹಿಡಿಯುತ್ತಿದ್ದೆಯೇನೋ. ನನಗೆ ಅವಳ ದನಿಯೇ ನೆನಪಿಲ್ಲ ಅಕ್ಕ, ಇದನ್ನು ಯಾರಿಗೂ ಹೇಳಿರಲಿಲ್ಲ.

ಅವ್ವ ಹೋದ ದಿನ ಅನ್ನ ತಳ ಹಿಡಿದಿತ್ತು. ನೀನು ಅಳುತ್ತಾ 'ಮೇಲಿನದು ಚೆನ್ನಾಗಿದೆ, ಉಣ್ಣು' ಎಂದು ಕೆರೆದು ಹಾಕಿದ್ದೆ. ಮರುದಿನದಿಂದ ನೀನು ಸಾಲೆಗೆ ಹೋಗಲಿಲ್ಲ. ಅದೆಲ್ಲ ನನಗೆ ನೆನಪಿದೆ.

"ಬಾಳ ಚಲೋ ಆಗಿತ್ರಿ. ಇಬ್ರೂ ಹೊಟ್ಟಿ ತುಂಬ ಉಂಡ್ವಿ" ಎಂದೆ. ಫೋನ್ ಇಟ್ಟಳು.

ಆ ಕಥೆಯಲ್ಲಿ ನಾನು ಕಟ್ಟಿ ಹೇಳಿದ್ದು ಅದೊಂದೇ.